ಹಗ್ಗ, ಅಗ್ಗ ಮತ್ತು ಮಂಡ್ಯದ ಒಂದು ವರ್ಷ

ಹೋದ ತಿಂಗಳು ಬೆಂಗಳೂರಿನಿಂದ ಮೈಸೂರಿಗೆ ಹೋಗಬೇಕಾಗಿತ್ತು. ಹೊಸ ಹೆದ್ದಾರಿಯ ಬಸ್ಸು ತುಂಬಿದ್ದರಿಂದ ಊರೂರಿಗೆ ನಿಲ್ಲುವ ಹಳೆಯ ರಸ್ತೆಯ ಬಸ್ಸು ಹತ್ತಿದೆ. ಮದ್ದೂರು ದಾಟಿ ಸ್ವಲ್ಪ ಹೊತ್ತಾಗಿತ್ತು, ಕಿಟಕಿಯಿಂದ ಆ ವಾಸನೆ ನುಗ್ಗಿತು. ಅರೆದ ಕಬ್ಬಿನ ವಾಸನೆ, ಅದರ ಜೊತೆಗೆ ಎಲ್ಲೋ ಗದ್ದೆಯಲ್ಲಿ ಗರಿ ಸುಟ್ಟ ಹೊಗೆ, ಮೇಲೆ ನಾಲೆಯ ಕೆಸರಿನ ತಂಪು. ಪಕ್ಕದ ಸೀಟಿನ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ.

ಒಂದು ವರ್ಷಕ್ಕೆಂದು ಮಂಡ್ಯಕ್ಕೆ ಹೋದವಳು ನಾನು ಮೂರು ವರ್ಷ ಇದ್ದೆ. ಆದರೆ ಮಂಡ್ಯ ಎಂದರೆ ನನಗೆ ನೆನಪಾಗುವುದು ಆ ಮೊದಲ ವರ್ಷವೇ.

ನನ್ನೂರು ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಹತ್ತಿರ. ಜೋಳ, ನಿಂಬೆ, ಬಿಸಿಲು. ಹಿಂಡಿ ಹಾಕಿದ ಬಟ್ಟೆ ತಿರುಗಿ ನೋಡುವಷ್ಟರಲ್ಲಿ ಒಣಗುವ ಊರು. ಓದಿದ್ದು ಕಿವಿ ಪರೀಕ್ಷಿಸುವ ವಿದ್ಯೆ. ಓದು ಮುಗಿದ ಬೇಸಿಗೆಯಲ್ಲೇ ಮಂಡ್ಯದ ಒಂದು ಸೇವಾ ಸಂಸ್ಥೆಯ ಶ್ರವಣ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ವಾರಕ್ಕೆ ನಾಲ್ಕು ದಿನ ಮಂಡ್ಯದಲ್ಲಿ, ಒಂದು ದಿನ ಮದ್ದೂರಿನಲ್ಲಿ, ಒಂದು ದಿನ ಮಳವಳ್ಳಿಯಲ್ಲಿ ಶಿಬಿರ. ಜೂನ್ ತಿಂಗಳ ಒಂದು ಬೆಳಿಗ್ಗೆ ಎರಡು ಬ್ಯಾಗು, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಡಬ್ಬಿ ಹಿಡಿದುಕೊಂಡು ಇಳಿದಾಗ ಆಟೋದವನು ಕೇಳಿದ ಮೊದಲ ಮಾತು, "ಎಲ್ಲಿಗಮ್ಮ ಓಗ್ಬೇಕು? ಬಿರ್‍ರನೆ ಯೋಳು, ಇಲ್ಲಿ ನಿಲ್ಸಂಗಿಲ್ಲ."

ನಮ್ಮ ಕಡೆ ಎದುರಿಗೆ ಬಂದವರು ಯಾರೇ ಆಗಲಿ ಮಾತಿನ ಕೊನೆಗೊಂದು 'ರೀ' ಇರುತ್ತದೆ. ಇಲ್ಲಿ ಅದಿರಲಿಲ್ಲ. ಹಾಲಿನ ಅಂಗಡಿಯವನು "ಚಿಲ್ರೆ ಕೊಡಮ್ಮ" ಅಂದ. ಬಸ್ಸಿನಲ್ಲಿ ಇಬ್ಬರು ಗೆಳೆಯರು "ಯಾಕ್ಲಾ, ಸತ್ತೋಗಿದ್ದೇನ್ಲಾ ಇಷ್ಟ್ ದಿನ?" ಎಂದು ಕೂಗಿಕೊಂಡಾಗ ಹೊಡೆದಾಟವೇ ಶುರುವಾಯಿತೆಂದು ನಾನು ಸೀಟಿನಿಂದ ಎದ್ದು ನಿಂತಿದ್ದೆ. ಅವರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಇಳಿದು ಹೋದರು. ಆ ಸಂಜೆ ಅವ್ವನಿಗೆ ಫೋನು ಮಾಡಿ, "ಇಲ್ಲಿ ಮಂದಿ ಎಲ್ಲಾರೂ ಜಗಳನ ಆಡ್ತಾರವ್ವಾ" ಎಂದು ಅತ್ತೆ. "ಒಂದ್ ವರ್ಷ ಹೆಂಗರ ತಗದು ಬಾರವಾ" ಅಂದಳು ಅವ್ವ.

ನನ್ನ ಬಾಡಿಗೆ ಕೋಣೆ ಜಯಮ್ಮ ಎಂಬವರ ಮನೆಯ ಮೇಲೆ. ಅರವತ್ತರ ಹತ್ತಿರದ ಹೆಂಗಸು, ಹಿತ್ತಲಲ್ಲಿ ಎರಡು ಹಸು. ಮೊದಲ ವಾರವಿಡೀ ಅವರು ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಬೈಯುತ್ತಿದ್ದಾರೆಂದೇ ತಿಳಿದಿದ್ದೆ. "ಏನಮ್ಮಿ, ಲೈಟ್ ಆಕಿ ಓಗಿದ್ದೀಯ! ಏನಮ್ಮಿ, ಬಟ್ಟೆ ವಣಗಾಕ್ಲಿಲ್ವಾ ಇನ್ನೂವೆ! ಉಂಡ್ಯಾ, ಇಲ್ವಾ?" ಉಂಡ್ಯಾ ಎಂಬುದು ಕೂಡ ಪೊಲೀಸರು ಕೇಳಿದ ಹಾಗೆ ಕೇಳುತ್ತಿತ್ತು. ಜುಲೈನಲ್ಲಿ ನಾಲೆಗೆ ನೀರು ಬಿಟ್ಟರು. ಊರ ಸುತ್ತಲಿನ ಗದ್ದೆಗಳೆಲ್ಲ ಒಮ್ಮೆಗೇ ಕನ್ನಡಿ ಹಾಸಿದಂತಾದವು. ಗಾಳಿ ಭಾರವಾಯಿತು, ಟವೆಲ್ಲು ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಬರತೊಡಗಿತು, ಸೊಳ್ಳೆ ಹೇಳಲಾಗದಷ್ಟು. ನನಗೆ ಜ್ವರ ಬಂತು. ಜಯಮ್ಮ ಕೇಳದೆ ಬಾಗಿಲು ತಳ್ಳಿಕೊಂಡು ಬಂದರು, ಹಣೆ ಮುಟ್ಟಿ ನೋಡಿದರು, "ಥೂ ನಿನ್ನ, ಯೋಳಾದಲ್ವಾ!" ಎಂದು ಗದರಿದರು. ಎರಡು ದಿನ ನನ್ನ ಕೋಣೆಯಲ್ಲೇ ಚಾಪೆ ಹಾಸಿಕೊಂಡು ಮಲಗಿದರು.

ಜ್ವರ ಬಿಟ್ಟ ಮೇಲೆ ಕೆಳಗೆ ಕರೆದು ಕೂರಿಸಿ ತಟ್ಟೆಯಲ್ಲಿ ರಾಗಿಮುದ್ದೆ, ಸೊಪ್ಪಿನ ಬಸ್ಸಾರು ಹಾಕಿದರು. ಜೋಳದ ರೊಟ್ಟಿ ಅಗಿದು ಬೆಳೆದ ಹಲ್ಲು ನನ್ನದು. ಮುದ್ದೆಯನ್ನೂ ಅಗಿದೆ. ಅದು ಒಸಡಿಗೆಲ್ಲ ಅಂಟಿಕೊಂಡಿತು.

"ಅಯ್ಯೋ, ಅಗೀಬ್ಯಾಡ ಕಣಮ್ಮಿ. ಮುರ್‍ಕೊ, ಸಾರ್‍ನಲ್ಲಿ ಅದ್ಕೊ, ನುಂಗು."

"ಗಂಟಲಿಗೆ ಸಿಕ್ಕರೆ?"

"ಇಡೀ ಜಿಲ್ಲೆಯೇ ನುಂಗ್ತದೆ. ಯಾರೂ ಸತ್ತಿಲ್ಲ."

ನುಂಗಿದೆ. ಬಿಸಿಯಾಗಿ, ನುಣ್ಣಗೆ ಇಳಿದು ಹೊಟ್ಟೆಯಲ್ಲಿ ಕುಳಿತಿತು. ಎರಡನೆಯ ಮುದ್ದೆಗೆ ಕೈಯೊಡ್ಡಿದಾಗ ಜಯಮ್ಮ ಬಡಿಸಿದರು.

ಊರು ಹೀಗೆ ನಿಧಾನಕ್ಕೆ ಒಳಗಿಳಿಯುತ್ತಿತ್ತು. ಕೆಲಸದಲ್ಲಿ ಮಾತ್ರ ನಾನು ದೊಡ್ಡದೊಂದು ತಪ್ಪು ಮಾಡುತ್ತಿದ್ದೆ. ಅದು ನನಗೆ ಗೊತ್ತೇ ಇರಲಿಲ್ಲ.

ನಮ್ಮ ಪರೀಕ್ಷೆ ನಡೆಯುವುದು ಹೀಗೆ. ಸದ್ದು ಹೊಗದ ಸಣ್ಣ ಕೋಣೆಯಲ್ಲಿ ಬಂದವರನ್ನು ಕೂರಿಸಿ ಕಿವಿಗೆ ಹೆಡ್‌ಫೋನು ಹಾಕುತ್ತೇವೆ. ಗಾಜಿನ ಈಚೆಯಿಂದ ಮೊದಲು ಬರೀ ಸದ್ದು ಕೇಳಿಸುತ್ತೇವೆ, ಎಷ್ಟು ಸಣ್ಣ ಸದ್ದಿನವರೆಗೆ ಕೇಳುತ್ತದೆಂದು ನೋಡಲು. ಆಮೇಲೆ ಪದಗಳು. ನಾನು ಬಾಯಿಗೆ ಕೈ ಅಡ್ಡ ಹಿಡಿದು ಇಪ್ಪತ್ತೈದು ಪದ ಹೇಳುತ್ತೇನೆ, ಅವರು ಕೇಳಿದ್ದನ್ನು ಕೇಳಿದ ಹಾಗೇ ತಿರುಗಿ ಹೇಳಬೇಕು. ಸದ್ದು ಕೇಳಿ ಪದವೂ ಸರಿ ಬಂದರೆ ಕಿವಿಗೆ ಯಂತ್ರ ಹಾಕಿದರೆ ಒಳ್ಳೆಯದಾಗುತ್ತದೆ. ಸದ್ದು ಕೇಳಿಯೂ ಪದ ತಪ್ಪುತ್ತಿದ್ದರೆ ತೊಂದರೆ ನರದ್ದು, ಯಂತ್ರದಿಂದ ಹೆಚ್ಚು ಪ್ರಯೋಜನವಿಲ್ಲ. ಓದುವಾಗ ನಮ್ಮ ಮೇಡಂ ಕಟ್ಟುನಿಟ್ಟಾಗಿ ಕಲಿಸಿದ್ದರು: ಒಂದಕ್ಷರ ತಪ್ಪಿದರೂ ಅದು ತಪ್ಪೇ.

ಆಗಸ್ಟಿನಲ್ಲಿ ಕೆಂಪಮ್ಮ ಬಂದರು. ಕೆರಗೋಡಿನಿಂದಾಚೆ ಒಂದು ಹಳ್ಳಿಯವರು. ಐವತ್ತು ದಾಟಿದ್ದ ಗಟ್ಟಿ ಹೆಂಗಸು, ಶಾಲೆಯ ಬಿಸಿಯೂಟದ ಅಡುಗೆಯವರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕುಳಿತು, ನನ್ನ ತುಟಿಗಳನ್ನೇ ನೋಡುತ್ತಾ ಹೇಳಿದರು:

"ಮಕ್ಳು ಇನ್ನೊಂದ್ ಚೂರು ಆಕಿ ಅಂದ್ರೆ ಕೇಳಾಕಿಲ್ಲ ಕಣವ್ವ. ಇಸ್ಕೂಲ್ ಸಮಿತಿಯವ್ರು ಕಿವಿ ತೋರಿಸ್ಕೊಂಡ್ ಬಾ ಅಂದವ್ರೆ. ಸರಿಯೋಗ್ದಿದ್ರೆ ಬ್ಯಾರೇರ ಮಡೀಕೋತೀವಿ ಅಂತಾವ್ರೆ. ಅನ್ನೆಲ್ಡ್ ವರ್ಸದಿಂದ ನಾನೇ ಮಾಡ್ತಾ ಇರಾದು."

ಪರೀಕ್ಷೆ ಮಾಡಿದೆ. ಸದ್ದಿನ ಪರೀಕ್ಷೆಯಲ್ಲಿ ಕಿವಿ ಅಷ್ಟೇನೂ ಕೆಟ್ಟಿರಲಿಲ್ಲ. ಪದಗಳು ಶುರುವಾದವು. ನಾನು 'ಹಗ್ಗ' ಎಂದೆ, 'ಅಗ್ಗ' ಎಂದರು. 'ಹೂವು' ಎಂದೆ, 'ಊವ' ಎಂದರು. 'ಶಾಲೆ'ಗೆ 'ಸಾಲೆ'. 'ಹೊಲ'ಕ್ಕೆ 'ವಲ'. ನಾನು ಒಂದೊಂದಕ್ಕೂ ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕುತ್ತಾ ಹೋದೆ. ಕೊನೆಗೆ ಅರ್ಧಕ್ಕಿಂತ ಹೆಚ್ಚು ತಪ್ಪು. ಹೊರಗೆ ಕರೆದು, ಸಾಧ್ಯವಾದಷ್ಟು ಮೆತ್ತಗೆ, ಯಂತ್ರ ಹಾಕಿದರೂ ಮಾತು ಸ್ಪಷ್ಟವಾಗಿ ತಿಳಿಯುವುದಿಲ್ಲವೆಂದು ಬರೆದು ತೋರಿಸಿ ಹೇಳಿದೆ. ಮೈಸೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಕೆಂಪಮ್ಮ ಚೀಟಿಯನ್ನು ನಾಲ್ಕಾಗಿ ಮಡಿಸಿದರು.

"ಓಗ್ಲಿ ಬುಡವ್ವ" ಎಂದು ಎದ್ದು ಹೋದರು.

ನನಗೆ ಬೇಸರವಾಗಿತ್ತು ನಿಜ. ಆದರೆ ನನ್ನ ಪರೀಕ್ಷೆಯ ಬಗ್ಗೆ ಅನುಮಾನ ಬರಲಿಲ್ಲ. ಬೀದಿಯಲ್ಲಿ, ಬಸ್ಸಿನಲ್ಲಿ, ಜಯಮ್ಮನ ಬಾಯಲ್ಲಿ ದಿನವೂ ಅದೇ ಮಾತು ಕೇಳುತ್ತಿದ್ದೆ. ಆ ಕೋಣೆಯ ಬಾಗಿಲು ಹಾಕಿಕೊಂಡ ಕೂಡಲೇ ಅದೆಲ್ಲ ಮರೆತುಹೋಗುತ್ತಿತ್ತು. ಅಲ್ಲಿ ನನ್ನ ಮುಂದಿದ್ದದ್ದು ಪಟ್ಟಿ ಮತ್ತು ಪೆನ್ನು. ಈ ಜಿಲ್ಲೆಯಲ್ಲಿ ಇಷ್ಟೊಂದು ಜನಕ್ಕೆ ನರದ ತೊಂದರೆ ಯಾಕಿದೆ, ನೀರಿನಿಂದಲೋ ಏನೋ, ಇದರ ಮೇಲೊಂದು ಲೇಖನ ಬರೆಯಬಹುದಲ್ಲ ಎಂದು ಕೂಡ ಅಂದುಕೊಂಡಿದ್ದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ನವೆಂಬರಿನಲ್ಲಿ ಪರೀಕ್ಷೆ ಮಾಡುವ ಯಂತ್ರ ಕೆಟ್ಟು ರಿಪೇರಿಗೆ ಹೋಗಿ ಬಂತು. ಹಾಗೆ ಬಂದಾಗ ಕಿವಿ ಚೆನ್ನಾಗಿರುವ ಯಾರನ್ನಾದರೂ ಕೂರಿಸಿ ಪರೀಕ್ಷಿಸಿ ನೋಡಬೇಕು. ನಮ್ಮ ಕೇಂದ್ರದಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ನಂದಿನಿಯದು. ಆತಗೂರು ಕಡೆಯ ಹುಡುಗಿ, ದಿನಾ ಮದ್ದೂರಿನ ಮೇಲೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಅವಳ ಅಪ್ಪ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮನೆಯವರೆಲ್ಲ ಬೌದ್ಧರು. ಅವಳ ಮೇಜಿನ ಮೇಲೆ ಹೆಬ್ಬೆರಳುದ್ದದ ಒಂದು ಬುದ್ಧ ಇರುತ್ತಿದ್ದ. ನಂದಿನಿಯ ಕಿವಿ ಎಷ್ಟು ಚುರುಕೆಂದರೆ ನಾನು ಒಳಗೆ ಚಾಕೊಲೇಟಿನ ಕಾಗದ ಬಿಚ್ಚಿದರೆ ಹೊರಗಿನಿಂದ "ನಂಗೂ ಮೇಡಂ" ಅನ್ನುತ್ತಿದ್ದಳು.

ಅವಳನ್ನು ಕೂರಿಸಿದೆ. ಸದ್ದಿನ ಪರೀಕ್ಷೆ ಅಚ್ಚುಕಟ್ಟಾಗಿ ಬಂತು. ಪದಗಳನ್ನು ಹೇಳುತ್ತಾ ಹೋದೆ, ಅವಳು ಪಟಪಟನೆ ಹೇಳುತ್ತಾ ಹೋದಳು. ಮುಗಿಸಿ ಎಣಿಸಿದರೆ ಹನ್ನೊಂದು ತಪ್ಪು. ಯಂತ್ರ ಇನ್ನೂ ಸರಿಯಾಗಿಲ್ಲ ಅಂದುಕೊಂಡೆ. ಆಮೇಲೆ, ಪಾಪ, ಇಷ್ಟು ಚಿಕ್ಕ ವಯಸ್ಸಿಗೆ ಇವಳಿಗೂ ಏನೋ ಇದೆಯಲ್ಲ ಎಂದುಕೊಂಡೆ.

ನಂದಿನಿ ಹೊರಗೆ ಬಂದು, "ಎಷ್ಟು ಬಂತು ಮೇಡಂ?" ಎಂದಳು.

ನಾನು ಕಾಗದ ಮಗುಚಿಟ್ಟೆ. ಅವಳೇ ಕಾಗದ ಎಳೆದುಕೊಂಡು ನೋಡಿದಳು. ಮೊದಲು ನಕ್ಕಳು.

ಆಮೇಲೆ 'ಹಗ್ಗ'ದ ಮೇಲೆ ಬೆರಳಿಟ್ಟು, "ಇದ್ಕೆ ಯಾಕೆ ತಪ್ಪು ಆಕಿದೀರಾ?" ಎಂದಳು.

"ನೀನು ಅಗ್ಗ ಅಂದಿ."

"ಊಂ ಮೇಡಂ, ಅಗ್ಗ. ದನ ಕಟ್ಟೋ ಅಗ್ಗ. ನೀವು ಅಂದಿದ್ದು ನಂಗೆ ಸರಿಯಾಗೇ ಕೇಳಿಸ್ತು. ನಮ್ ಬಾಯಲ್ಲಿ ಬರಾದೇ ಅಂಗೆ."

ನಂದಿನಿ ಕಾಗದವನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ನೋಡಿದಳು. ಅವಳ ನಗು ನಿಂತಿತು.

"ಮೇಡಂ, ಬಿಸಿಯೂಟದ ಕೆಂಪಮ್ಮ ಬಂದಿದ್ರಲ್ಲ, ಅವ್ರಿಗೂ ಇಂಗೇ ಆಕಿದ್ರಾ?"

ಆ ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಏಳಲಿಲ್ಲ. ಜೂನಿನಿಂದ ಈಚೆಗಿನ ಕಡತಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು, 'ಯಂತ್ರದಿಂದ ಪ್ರಯೋಜನವಿಲ್ಲ' ಎಂದು ನನ್ನದೇ ಅಕ್ಷರದಲ್ಲಿ ಬರೆದಿದ್ದವನ್ನು ಬೇರೆ ಮಾಡಿದೆವು. ಇಪ್ಪತ್ತಕ್ಕೆ ಒಂದು ಕಡಿಮೆ. ನನಗಿಂತ ಮೊದಲಿದ್ದವರು ಮೈಸೂರಿನ ಕಡೆಯವರು. ಅವರ ಕಾಲದ ಕಡತಗಳಲ್ಲಿ ಇಂಥವು ಒಂದೋ ಎರಡೋ ಇದ್ದವು. ಸಂಜೆ, ವಾರಕ್ಕೊಮ್ಮೆ ಬರುವ ವೈದ್ಯರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಕೆಲಸ ಹೋದ ಹಾಗೇ ಅಂದುಕೊಂಡಿದ್ದೆ. ಅವರು, "ನಾನೂ ನೋಡದೆ ಸಹಿ ಹಾಕಿದೀನಿ. ಒಬ್ಬರನ್ನೂ ಬಿಡಬೇಡಿ, ಎಲ್ಲರನ್ನೂ ವಾಪಸ್ ಕರೆಸಿ" ಎಂದರು.

ಮರುದಿನದಿಂದ ಫೋನು ಮಾಡತೊಡಗಿದೆವು. ಬಹಳ ಜನ ಬಂದರು, ಬೈದವರೂ ಇದ್ದರು. ಮಳವಳ್ಳಿ ಕಡೆಯ ಒಬ್ಬ ಅಜ್ಜನ ಮನೆಗೆ ಫೋನು ಮಾಡಿದಾಗ ಮೊಮ್ಮಗಳು ಎತ್ತಿಕೊಂಡಳು. "ತಾತ ಓದ ತಿಂಗ್ಳೇ ಓದ್ರು ಮೇಡಂ" ಎಂದಳು. ಜೂನಿನಲ್ಲಾಗಿದ್ದರೆ ಅಜ್ಜ ಏನು ಓದಿದರು ಎಂದು ಕೇಳುತ್ತಿದ್ದೆನೋ ಏನೋ. ಆ ಹೊತ್ತಿಗೆ ಅವಳ ಮಾತು ನನಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಆ ಅಜ್ಜ ಪರೀಕ್ಷೆಯ ದಿನ ನನಗೆ ಎರಡು ಸೀಬೆಹಣ್ಣು ತಂದುಕೊಟ್ಟಿದ್ದರು. ಕೊನೆಯ ಕೆಲವು ತಿಂಗಳು ಮೊಮ್ಮಗಳ ಮಾತು ಅವರಿಗೆ ಕೇಳಬಹುದಾಗಿತ್ತು. ಅದನ್ನು ತಪ್ಪಿಸಿದವಳು ನಾನು. ಅದಕ್ಕೆ ಇವತ್ತಿಗೂ ನನ್ನಲ್ಲಿ ಸಮಾಧಾನವಿಲ್ಲ.

ಕೆಂಪಮ್ಮ ಕೊಟ್ಟಿದ್ದ ನಂಬರಿಗೆ ಫೋನು ಹೋಗಲಿಲ್ಲ. ಡಿಸೆಂಬರಿನ ಒಂದು ಭಾನುವಾರ ಕೆರಗೋಡಿನ ಬಸ್ಸು ಹತ್ತಿದೆ. ಚಳಿ ಶುರುವಾಗಿತ್ತು. ಭತ್ತ ಕೊಯ್ದ ಗದ್ದೆಗಳಲ್ಲಿ ಕೂಳೆ ಮಾತ್ರ ಉಳಿದಿತ್ತು, ಕಬ್ಬು ಹೇರಿದ ಟ್ರ್ಯಾಕ್ಟರುಗಳು ದಾರಿ ತುಂಬಾ. ಬಸ್ಸಿಳಿದು ಒಂದು ಮೈಲಿ ನಡೆದೆ. ಕೆಂಪಮ್ಮ ಜಗಲಿಯ ಮೇಲೆ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಾ ಕುಳಿತಿದ್ದರು. ನನ್ನನ್ನು ಕಂಡು ಗುರುತು ಹಿಡಿದರು. ಎದ್ದೇಳಲಿಲ್ಲ. ಪಕ್ಕದ ಜಾಗ ತೋರಿಸಿ, "ಕುಂತ್ಕೋ" ಎಂದರು.

ನಾನೂ ಕಾಯಿ ಸುಲಿಯತೊಡಗಿದೆ. ಅವರ ಮುಖಕ್ಕೆ ಎದುರಾಗಿ, ದೊಡ್ಡ ದನಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದೆಂದೆ. ಇನ್ನೊಮ್ಮೆ ಬನ್ನಿ ಎಂದು ಬೇಡಿಕೊಂಡೆ. ಎದುರು ಮನೆಯವರೂ ಬಾಗಿಲಿಗೆ ಬಂದು ಕೇಳಿಸಿಕೊಂಡರು. ಕೆಂಪಮ್ಮ ಕೈಯಲ್ಲಿದ್ದ ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು.

"ನಂಗೆ ಕಿವಿ ಮಂದ, ಸರಿ. ನಿಂಗೆ ನಮ್ ಮಾತೇ ಕೇಳಾಕಿಲ್ವಲ್ಲಮ್ಮಿ."

ನನಗೆ ಅಳು ಬಂತು. ಅವರು ಇನ್ನೊಂದು ಕಾಯಿ ಎತ್ತಿಕೊಂಡರು.

"ನಾನು ಆವತ್ತಿಂದ ಮದ್ವೆ ಮುಂಜಿಗೆ ಓಗಾದೇ ಬುಟ್ಬುಟ್ಟೆ. ಯಾರಾನಾ ಮಾತಾಡ್ಸುದ್ರೆ ನಗಾದು, ಅಷ್ಟೆ. ಅವ್ರು ಏನಂದ್ರೋ, ನಾನ್ಯಾಕ್ ನಕ್ಕನೋ. ಇಸ್ಕೂಲಲ್ಲಿ ಬ್ಯಾಸ್ಗೆ ರಜ ಕಳೀಲಿ, ಆಮ್ಯಾಕ್ ಬ್ಯಾರೇರ ನೋಡ್ತೀವಿ ಅಂದವ್ರೆ." ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ, "ಅಳ್ಬ್ಯಾಡ ಬುಡು. ತಪ್ಪಾಯ್ತು ಅನ್ನಾಕೆ ಬಸ್ ಅತ್ಕೊಂಡ್ ಬಂದಿದ್ದೀಯಲ್ಲ. ಸಾರು ಕುದೀತಾ ಅದೆ, ಉಂಡ್ಕೊಂಡ್ ಓಗು" ಎಂದರು.

ಹಿದಕಿದ ಅವರೆಬೇಳೆ ಸಾರು, ಮುದ್ದೆ. ನಾನು ಅಗಿಯದೆ ನುಂಗುವುದನ್ನು ನೋಡಿ, "ಪರವಾಗಿಲ್ವೆ, ಕಲ್ತಿದ್ದೀಯೆ" ಎಂದರು.

ಅದೇ ವಾರ ಕೇಂದ್ರಕ್ಕೆ ಬಂದರು. ಈ ಸಲ ನಂದಿನಿ ಒಂದು ಉಪಾಯ ಹೇಳಿದ್ದಳು: ಪದವನ್ನು ತಿರುಗಿ ಹೇಳಿ, ಜೊತೆಗೆ ಅದು ಏನೆಂದೂ ಹೇಳಿ. ಆಗ ಅನುಮಾನವೇ ಉಳಿಯುವುದಿಲ್ಲ. ನಾನು ಬಾಯಿಗೆ ಕೈ ಅಡ್ಡ ಹಿಡಿದು ಶುರು ಮಾಡಿದೆ.

"ಹಗ್ಗ."

"ಅಗ್ಗ. ಎಮ್ಮೆ ಕಟ್ಟಾದು."

"ಹಾಲು."

"ಆಲು. ನಮ್ಮಟ್ಟೀಲಿ ಈಗ ಕರೆಯಾದು ಒಂದೇ ಅಸ."

"ಹಾವು."

"ಆವು. ಮೊನ್ನೆ ಕಬ್ಬಿನ್ ಗದ್ದೇಲಿ ಇಷ್ಟುದ್ದ ಇತ್ತು ಕಣವ್ವ." ಗಾಜಿನ ಆಚೆ ಎರಡೂ ಕೈ ಚಾಚಿ ತೋರಿಸಿದರು. ಹೆಡ್‌ಫೋನಿನ ತಂತಿ ಕಿತ್ತು ಬಂತು. ನನ್ನ ಹಿಂದೆ ನಿಂತಿದ್ದ ನಂದಿನಿ ನಗು ತಡೆಯಲಾರದೆ ಹೊರಗೆ ಓಡಿದಳು.

ಇಪ್ಪತ್ತೈದರಲ್ಲಿ ಇಪ್ಪತ್ಮೂರು ಸರಿ. ಹೊಸ ವರ್ಷದ ಮೊದಲ ವಾರಗಳಲ್ಲಿ ಅವರಿಗೆ ಯಂತ್ರ ಬಂತು. ಕಿವಿಯ ಹಿಂದೆ ಕೂರಿಸಿ ಸದ್ದು ಹೊಂದಿಸಿದೆ. ಕೆಂಪಮ್ಮ ಕಣ್ಣು ಕಿರಿದು ಮಾಡಿಕೊಂಡು ಮೇಲೆ ನೋಡಿದರು. "ಆ ಫ್ಯಾನು ಯಾವಾಗ್ಲೂ ಇಂಗೇ ಬಡ್ಕಂತದಾ?" ಎಂದರು.

ನಂದಿನಿ, ನಾನು ಸೇರಿ ಆ ಚಳಿಗಾಲದಲ್ಲಿ ಹೊಸ ಪದಗಳ ಪಟ್ಟಿ ಮಾಡಿದೆವು, ಇಲ್ಲಿಯ ಬಾಯಲ್ಲಿ ಎರಡು ಥರ ಆಗದಂಥ ಪದಗಳದ್ದು. ಮರ, ಮಳೆ, ಕಲ್ಲು, ಕಣ್ಣು. ಜಯಮ್ಮನ ಮೇಲೆ, ಜಯಮ್ಮನ ಹಾಲಿನ ಗಿರಾಕಿಗಳ ಮೇಲೆ ಅದನ್ನು ಪರೀಕ್ಷಿಸಿದೆವು. ಜಯಮ್ಮನಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು ಬಂದಾಗ ಬೀದಿಗೆಲ್ಲ ಹೇಳಿಕೊಂಡು ಬಂದರು. ಬೇಸಿಗೆ ಹತ್ತಿರವಾದಾಗ ಸಂಸ್ಥೆಯವರು ಇನ್ನೊಂದು ವರ್ಷ ಇರುತ್ತೀರಾ ಎಂದು ಕೇಳಿದರು. ಅವ್ವನನ್ನು ಕೇಳುವುದಕ್ಕಿಂತ ಮೊದಲೇ ಹೂಂ ಅಂದುಬಿಟ್ಟೆ.

ಅದಕ್ಕೂ ಮೊದಲೇ, ಯಂತ್ರ ಕೊಟ್ಟ ಮೂರನೆಯ ವಾರ, ಅದು ಸರಿಯಾಗಿ ಹೊಂದಿದೆಯೇ ನೋಡಲು ಕೆಂಪಮ್ಮನ ಶಾಲೆಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಬೇವಿನ ಮರದ ಕೆಳಗೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು, ತಟ್ಟೆಗಳ ಸದ್ದು, ಕಿರುಚಾಟ. ಮೇಷ್ಟ್ರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಕೆಂಪಮ್ಮ ನಮ್ಮ ಕಡೆ ಬೆನ್ನು ಹಾಕಿ ದೊಡ್ಡ ಪಾತ್ರೆಯಿಂದ ಸಾರು ಬಡಿಸುತ್ತಿದ್ದರು. ಸೆರಗು ತಲೆಯ ಮೇಲಿತ್ತು, ಯಂತ್ರ ಕಾಣುತ್ತಿರಲಿಲ್ಲ.

"ಎಂಗದೆ ಅಮ್ಮಾ?" ಎಂದು ಅವರ ಪಕ್ಕಕ್ಕೆ ಹೋಗಿ ಕೇಳಿದೆ. ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಆಮೇಲೆ ತಿಳಿಯಿತು.

"ಏನ್ ಬಡ್ಕಂತವವ್ವ ಈ ಐಕ್ಳು! ಇಷ್ಟ್ ದಿನ ನೆಮ್ದಿಯಾಗಿದ್ದೆ" ಎಂದರು, ಕೈ ನಿಲ್ಲಿಸದೆ. ಸಾಲಿನ ಆ ತುದಿಯಿಂದ ಒಂದು ಹುಡುಗಿ ಸಣ್ಣ ದನಿಯಲ್ಲಿ ಆಲೂಗಡ್ಡೆ ಬೇಡ ಅಂದಳು. ಅವಳ ಸರದಿ ಬಂದಾಗ ಕೆಂಪಮ್ಮ ಆಲೂಗಡ್ಡೆ ಬಿಟ್ಟು ಬಡಿಸಿದರು. ಹುಡುಗಿ ತಟ್ಟೆಯನ್ನೂ ಅವರ ಮುಖವನ್ನೂ ಬಿಟ್ಟ ಕಣ್ಣಿನಿಂದ ನೋಡಿದಳು.

ನಾನು ಮೇಷ್ಟ್ರ ಹತ್ತಿರಕ್ಕೆ ಮರಳುವಷ್ಟರಲ್ಲಿ ಗೇಟಿನಿಂದ ಬಿಳಿ ಅಂಗಿಯ ಒಬ್ಬರು ಬಂದು ನಮ್ಮ ಪಕ್ಕ ನಿಂತರು. ಶಾಲಾ ಸಮಿತಿಯವರೆಂದು ಮೇಷ್ಟ್ರು ನನಗೆ ಪರಿಚಯಿಸಿದರು. ಆತನಿಗೆ ಯಂತ್ರದ ವಿಷಯ ಇನ್ನೂ ತಿಳಿದಿರಲಿಲ್ಲ. ಕೆಂಪಮ್ಮ ನಾಲ್ಕು ಮಾರು ದೂರದಲ್ಲಿದ್ದರು. ಕಿವುಡಿಯ ಹಿಂದೆ ದನಿ ತಗ್ಗಿಸುವ ಅಗತ್ಯವೂ ಇಲ್ಲವೆಂಬಂತೆ, ಬಿಳಿ ಅಂಗಿಯವರು ಮಾಮೂಲಿ ದನಿಯಲ್ಲೇ ಹೇಳಿದರು:

"ರಜ ಕಳೀಲಿ ಮೇಷ್ಟ್ರೆ, ಈವಮ್ಮನ್ ಜಾಗಕ್ಕೆ ನಮ್ ಬಾಮೈದನ್ ಎಂಡ್ರುನ ಆಕ್ಬುಡನ."

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಕೆಂಪಮ್ಮನ ಬೆನ್ನು ನೋಡಿದೆ. ಅವರು ತಿರುಗಲಿಲ್ಲ. ಸೌಟನ್ನು ಪಾತ್ರೆಯೊಳಗೆ ಒಂದು ಸುತ್ತು ತಿರುಗಿಸಿ, ಮುಂದಿನ ತಟ್ಟೆಗೆ ಸಾರು ಬಿಟ್ಟು, ಊರಿಗೆಲ್ಲ ಕೇಳುವ ದನಿಯಲ್ಲಿ ಹೇಳಿದರು:

"ಅವ್ಳಿಗೆ ಮದ್ಲು ಸಾರ್ ಮಾಡಾಕೆ ಬತ್ತದಾ ಕೇಳ್ಕೊಂಡ್ ಬಾ, ಓಗಪ್ಪ!"

ಬೇವಿನ ಮರದ ಕೆಳಗೆ ಮಕ್ಕಳು ಹೋ ಎಂದರು. ಮೇಷ್ಟ್ರು ಕರವಸ್ತ್ರ ತೆಗೆದು ಬಾಯಿ ಒರೆಸಿಕೊಳ್ಳುವ ನೆಪ ಮಾಡಿದರು. ಬಿಳಿ ಅಂಗಿಯವರ ಮುಖ ಕೆಂಪಾಯಿತು. ಪಾತ್ರೆಯಿಂದ ಒಗ್ಗರಣೆಯ ಘಮ ಬರುತ್ತಿತ್ತು. ಕೊನೆಗೆ ಬಿಳಿ ಅಂಗಿಯವರು ಜಗಲಿಯ ಮೇಲೆ ಜೋಡಿಸಿದ್ದ ತಟ್ಟೆಗಳಲ್ಲಿ ಒಂದನ್ನು ಎತ್ತಿಕೊಂಡು, ತಲೆ ತಗ್ಗಿಸಿ, ಮಕ್ಕಳ ಸಾಲಿನ ಕೊನೆಗೆ ಹೋಗಿ ನಿಂತುಕೊಂಡರು.